ಬಣ್ಣ ಮೊದಲೋ, ತಗಡು ಮೊದಲೋ?



ಈ ವಾರದ ಪ್ರಶ್ನೆ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಿಂದ ಬಂದಿದೆ. ವೈದ್ಯರೂ ಆಗಿದ್ದ ಕಥೆಗಾರ ಬೆಸಗರಹಳ್ಳಿ ರಾಮಣ್ಣನವರ ಹೆಸರಿನ ಜೊತೆಗೆ ನಾಡಿಗೆಲ್ಲ ಪರಿಚಯವಾದ ಊರು ಅದು. ಕೇಳಿರುವವಳು ಏಳನೇ ತರಗತಿಯ ಹುಡುಗಿ. ಅವಳ ಪತ್ರದ ಸಾರ ಹೀಗಿದೆ:

"ನಮ್ಮ ತಾತ 1999ರಲ್ಲಿ ಕೊಂಡ ಬಿಳಿ ಮಾರುತಿ 800 ಇನ್ನೂ ನಮ್ಮ ಮನೆಯಲ್ಲಿದೆ. ಬಣ್ಣ ಮಂಕಾಗಿದೆ, ಬಾಗಿಲ ಕೆಳಗೆ ಗುಳ್ಳೆ ಎದ್ದಿವೆ. ಚಿಕ್ಕಪ್ಪನ ಮದುವೆಯೊಳಗೆ ಪೂರ್ತಿ ಬಣ್ಣ ಹೊಡೆಸುತ್ತೇನೆ ಅಂತಾರೆ ತಾತ. ಇಷ್ಟು ಹಳೇ ಕಾರಿಗೆ ಯಾಕೆ ದುಡ್ಡು ಸುರಿಯೋದು ಅಂತಾರೆ ಅಪ್ಪ. ಹಿಂದಿನ ಸೀಟಿನ ಹತ್ತಿರ ಮ್ಯಾಟ್ ಎತ್ತಿದರೆ ಒಂದು ತೂತಿನಲ್ಲಿ ರಸ್ತೆ ಕಾಣಿಸುತ್ತದೆ. ಅದನ್ನು ನಾನೂ ತಮ್ಮನೂ ಮಾತ್ರ ನೋಡಿದ್ದೇವೆ. ತಾತನಿಗೆ ಬೇಜಾರಾಗುತ್ತೆ ಅಂತ ಹೇಳಿಲ್ಲ. ಬಣ್ಣ ಹೊಡೆಸಬೇಕೋ, ರಿಪೇರಿ ಮಾಡಿಸಬೇಕೋ?"

ಮೊದಲ ಉತ್ತರ ಪುಟಾಣಿಗೆ. ಆ ತೂತಿನ ವಿಷಯವನ್ನು ಇವತ್ತೇ ತಾತನಿಗೆ ಹೇಳು ಮಗೂ. ಕೈ ಹಿಡಿದು ಕರೆದುಕೊಂಡು ಹೋಗಿ, ಮ್ಯಾಟ್ ಎತ್ತಿ ತೋರಿಸು. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಒಂದು ಕಾರನ್ನು ಜೋಪಾನ ಮಾಡಿದ ತಾತನಿಗೆ ಬೇಜಾರು ಆದೀತು. ಆದರೆ ಗೊತ್ತಿಲ್ಲದೆ ಮೊಮ್ಮಕ್ಕಳನ್ನು ಅದರಲ್ಲಿ ಕೂರಿಸಿಕೊಂಡು ಓಡಾಡಿದೆನಲ್ಲ ಎಂಬ ಬೇಜಾರು ಅದಕ್ಕಿಂತ ದೊಡ್ಡದು.

ಆ ತೂತು ಯಾಕೆ ಅಷ್ಟು ಮುಖ್ಯ? ಹಳೆಯ ಮಹೀಂದ್ರ ಜೀಪನ್ನು ನೆನೆಸಿಕೊಳ್ಳಿ. ಅದರ ಕೆಳಗೆ ಉದ್ದಕ್ಕೆ ಎರಡು ಗಟ್ಟಿ ಕಬ್ಬಿಣದ ತೊಲೆಗಳಿವೆ. ಅದೇ ಚಾಸಿ. ಮೇಲಿನ ತಗಡು ಕೆಟ್ಟರೂ ತೂಕ ಹೊರುವುದು ಚಾಸಿ. ಮಾರುತಿ 800ಕ್ಕೆ ಹಾಗೆ ಪ್ರತ್ಯೇಕ ಚಾಸಿ ಇಲ್ಲ. ನೆಲ, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಕಂಬಗಳು, ಮಾಡು ಎಲ್ಲ ಒಂದಕ್ಕೊಂದು ಬೆಸೆದುಕೊಂಡು ಒಂದೇ ಪೆಟ್ಟಿಗೆ ಆಗಿವೆ. ಅಂಬಾಸಿಡರ್ ಕಾರೂ ಹೀಗೆಯೇ. ಇಂಥ ಕಾರಿನಲ್ಲಿ ತಗಡೇ ಮೂಳೆ. ಸೀಟು ಕೂತಿರುವುದು ಆ ನೆಲದ ಮೇಲೆ. ನೆಲ ತುಕ್ಕು ತಿಂದರೆ ಏಟು ಬಿದ್ದಾಗ ಆ ಪೆಟ್ಟಿಗೆ ಮಡಚಿಕೊಳ್ಳುವುದು ಸುಲಭ.

ಹಾಗಾದರೆ ಬಣ್ಣದ ಕೆಲಸ ಏನು? ಬಣ್ಣ ಅಂದಕ್ಕೆ ಮಾತ್ರ ಇರುವುದಲ್ಲ. ಕಬ್ಬಿಣಕ್ಕೆ ಗಾಳಿಯೂ ನೀರೂ ತಾಗದಂತೆ ತಡೆಯುವ ಅಂಗಿ ಅದು. ಗಾಳಿಯಲ್ಲಿರುವ ಆಮ್ಲಜನಕ, ಜೊತೆಗೆ ನೀರಿನ ಪಸೆ, ಇವೆರಡೂ ಸೇರಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಉಪ್ಪಿನಂಶ ಇದ್ದರೆ ಇನ್ನೂ ಬೇಗ. ಕೊಟ್ಟಿಗೆಯ ಪಕ್ಕ ಗಂಜಲ ಹರಿಯುವ ಜಾಗದಲ್ಲಿ ಕಾರು ನಿಲ್ಲಿಸಬಾರದು ಎನ್ನುವುದು ಇದೇ ಕಾರಣಕ್ಕೆ. ಗಂಜಲದಲ್ಲಿ ಲವಣಗಳಿವೆ.

ತಾಮ್ರದ ಚೊಂಬಿಗೆ ಕಿಲುಬು ಹಿಡಿದರೆ ಅಜ್ಜಿ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ, ಫಳಫಳ ಹೊಳೆಯುತ್ತದೆ. ಕಿಲುಬು ಮೇಲ್ಮೈಯಲ್ಲೇ ನಿಲ್ಲುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಪುಡಿಪುಡಿಯಾಗಿ ಉದುರುತ್ತದೆ, ಉದುರಿದ ಜಾಗದಲ್ಲಿ ಹೊಸ ಕಬ್ಬಿಣ ಗಾಳಿಗೆ ತೆರೆದುಕೊಳ್ಳುತ್ತದೆ, ಅದೂ ತುಕ್ಕಾಗುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಆದ್ದರಿಂದ ಅದು ಒಳಗಿನಿಂದ ಬಣ್ಣವನ್ನು ಮೇಲಕ್ಕೆ ನೂಕುತ್ತದೆ. ಬಾಗಿಲ ಅಂಚಿನಲ್ಲಿ ನೀವು ನೋಡುವ ಗುಳ್ಳೆ ಅದೇ. ಗುಳ್ಳೆ ಕಾಣುವಷ್ಟರಲ್ಲಿ ಒಳಗೆ ಕೆಲಸ ಬಹಳ ಮುಂದುವರಿದಿರುತ್ತದೆ.

ನಮ್ಮ ಮೈಸೂರಿನ ಇನ್ನೊಂದು ಬಣ್ಣದ ಕಥೆ ಇಲ್ಲಿ ನೆನಪಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. ಇವತ್ತಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿ ಅದೇ. ಮತ ಹಾಕಿದಾಗ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು 1962ರ ಮಹಾಚುನಾವಣೆಗೆ ತಯಾರಿಸಿ ಕೊಟ್ಟವರು ಇವರು. ಆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಜೊತೆಗೇ ಸೇರಿಕೊಂಡು ಕಪ್ಪಾಗುತ್ತದೆ. ಅದಕ್ಕೇ ತೊಳೆದರೆ ಹೋಗುವುದಿಲ್ಲ. ಕಾರಿನ ಬಣ್ಣಕ್ಕೆ ಆ ಗುಣವಿಲ್ಲ. ಅದು ತಗಡಿನೊಳಗೆ ಇಳಿಯುವುದಿಲ್ಲ, ಮೇಲೆ ಅಂಟಿಕೊಂಡು ಕೂರುತ್ತದೆ. ಕೆಳಗಿನ ನೆಲ ಗಟ್ಟಿಯಾಗಿದ್ದರೆ ವರ್ಷಗಟ್ಟಲೆ ಕೂರುತ್ತದೆ. ತುಕ್ಕಿನ ಪುಡಿಯ ಮೇಲೆ ಹೊಡೆದರೆ ಒಂದೆರಡು ಮಳೆಗಾಲದಲ್ಲಿ ಪುಡಿಯ ಸಮೇತ ಎದ್ದು ಬರುತ್ತದೆ.

ಇದು ನಮ್ಮ ರೈತರಿಗೆ ಹೊಸ ವಿಷಯವೇನಲ್ಲ. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ಮುಂಚೆ ಕೊಂಬನ್ನು ಹೆರೆದು ನುಣುಪು ಮಾಡುತ್ತಾರೆ. ಕಾರಿಗೂ ಅದೇ ಕ್ರಮ. ಮೊದಲು ತುಕ್ಕು ಹೋಗಬೇಕು, ಆಮೇಲೆ ತಗಡು ಸರಿಯಾಗಬೇಕು, ಕೊನೆಗೆ ಬಣ್ಣ.

ಈಗ ತಾತನೂ ಮೊಮ್ಮಕ್ಕಳೂ ಸೇರಿ ಒಂದು ಭಾನುವಾರ ಬೆಳಿಗ್ಗೆ ಕಾರನ್ನು ಪರೀಕ್ಷೆ ಮಾಡಬಹುದು. ಕಾರು ಸಮತಟ್ಟಾದ ಜಾಗದಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕೀಲಿ ತಾತನ ಜೇಬಿನಲ್ಲಿರಲಿ. ಜಾಕ್ ಕೊಟ್ಟು ಎತ್ತಿದ ಕಾರಿನ ಕೆಳಗೆ ಯಾರೂ ನುಸುಳಬೇಡಿ.

ಉಗುರಿನ ಪರೀಕ್ಷೆ: ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಮೇಲಿನ ಪದರದಲ್ಲೇ ಇದೆ, ಪಾಲಿಷ್ ಸಾಕು. ಕಬ್ಬಿನ ಗದ್ದೆಯ ಬದಿಯ ದಾರಿಯಲ್ಲಿ ಗರಿ ಸವರಿ ಆಗುವ ಗೀರುಗಳು ಬಹಳಷ್ಟು ಈ ಜಾತಿಯವು. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ. ಅಲ್ಲಿ ತಗಡು ಕಾಣುತ್ತಿದ್ದರೆ ಆ ಜಾಗಕ್ಕೆ ಮಾತ್ರ ಪ್ರೈಮರ್, ಬಣ್ಣ ಹಾಕಿಸಿ, ತಡ ಮಾಡಬೇಡಿ.

ಬಟ್ಟೆಯ ಪರೀಕ್ಷೆ: ಮಂಕಾದ ಜಾಗವನ್ನು ತೊಳೆದು ಒಣಗಿಸಿ, ಮೆತ್ತನೆ ಬಟ್ಟೆಗೆ ಸ್ವಲ್ಪ ಕಾರಿನ ಪಾಲಿಷ್ ಹಾಕಿ ಅಂಗೈ ಅಗಲದಷ್ಟು ಉಜ್ಜಿ. ಹೊಳಪು ಮರಳಿ ಬಂದರೆ ಅಲ್ಲಿನ ಬಣ್ಣ ಸತ್ತಿಲ್ಲ, ಬಿಸಿಲಿಗೆ ಮೇಲ್ಪದರ ಪುಡಿಯಾಗಿದೆ ಅಷ್ಟೆ. ಹೀಗಿರುವ ಮಾಡಿಗೂ ಬಾನೆಟ್ಟಿಗೂ ಹೊಸ ಬಣ್ಣ ಬೇಕಿಲ್ಲ.

ಅಯಸ್ಕಾಂತದ ಪರೀಕ್ಷೆ: ಫ್ರಿಜ್ಜಿಗೆ ಅಂಟಿಸುವ ಚಿಕ್ಕ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲು, ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಪಟ್ಟಿ, ಎಲ್ಲ ಕಡೆ ಇಟ್ಟು ನೋಡಿ. ತಗಡಿಗೆ ಅಂಟುತ್ತದೆ. ಜಾರಿ ಬಿದ್ದರೆ ಅಲ್ಲಿ ಹಿಂದೆ ಯಾರೋ ದಪ್ಪಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ ಎಂದರ್ಥ. ಬಂಪರಿನಂಥ ಪ್ಲಾಸ್ಟಿಕ್ ಭಾಗಗಳಿಗೆ ಹೇಗೂ ಅಂಟುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಗೆಣ್ಣಿನ ಪರೀಕ್ಷೆ: ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಒಳ್ಳೆಯ ತಗಡು ಸ್ಪಷ್ಟವಾಗಿ ಸದ್ದು ಮಾಡುತ್ತದೆ. ಪುಟ್ಟಿ ತುಂಬಿದ ಜಾಗ ಡಬ್ ಡಬ್ ಎನ್ನುತ್ತದೆ.

ಕೊನೆಯದು ದೊಡ್ಡವರಿಗೆ ಮಾತ್ರ. ಮ್ಯಾಟು, ಕಾರ್ಪೆಟ್ ಎಲ್ಲ ಎತ್ತಿ, ತುಕ್ಕು ಕಾಣುವ ಕಡೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಒತ್ತಿ. ಗಟ್ಟಿಯಾಗಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿ ತೆಗೆಯಬಹುದಾದ ಮೇಲ್ತುಕ್ಕು. ಹಪ್ಪಳದಂತೆ ಮುರಿದರೆ ಆ ತಗಡನ್ನು ಕತ್ತರಿಸಿ ತೆಗೆದು ಹೊಸ ತಗಡು ಬೆಸೆಯದೆ ಬೇರೆ ದಾರಿಯಿಲ್ಲ.

ಬಾಗಿಲ ಕೆಳಗಿನ ಗುಳ್ಳೆಗಳ ಗುಟ್ಟೂ ಇಲ್ಲೇ ಸಿಗುತ್ತದೆ. ಕಿಟಕಿಯ ಗಾಜಿನ ಪಕ್ಕದಿಂದ ಮಳೆನೀರು ಸ್ವಲ್ಪ ಬಾಗಿಲೊಳಗೆ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ಬಾಗಿಲ ಅಡಿಯ ಅಂಚಿನಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಧೂಳು, ಕೆಸರು ಸೇರಿ ಅವು ಮುಚ್ಚಿಹೋದರೆ ನೀರು ಒಳಗೇ ನಿಲ್ಲುತ್ತದೆ. ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಇಂಥ ಬಾಗಿಲಿಗೆ ಹೊರಗಿನಿಂದ ಎಷ್ಟು ಬಣ್ಣ ಹೊಡೆದರೂ ಗುಳ್ಳೆ ಮತ್ತೆ ಏಳುತ್ತದೆ. ನಮ್ಮ ಹಿರಿಯರು ಹೇಳುವ ಮೇಲೆ ಥಳುಕು, ಒಳಗೆ ಹುಳುಕು ಎಂಬ ಮಾತು ಇದಕ್ಕೆ ಸರಿಯಾಗಿ ಹೊಂದುತ್ತದೆ. ಬಾಗಿಲ ಅಡಿಯ ಆ ತೂತುಗಳನ್ನು ಪೊರಕೆಕಡ್ಡಿಯಲ್ಲಿ ಚೊಕ್ಕ ಮಾಡುವ ಕೆಲಸವನ್ನು ಮಳೆಗಾಲಕ್ಕೆ ಮುಂಚೆ ಮೊಮ್ಮಕ್ಕಳು ವಹಿಸಿಕೊಳ್ಳಬಹುದು.

ಪರೀಕ್ಷೆ ಮುಗಿದ ಮೇಲೆ ಲೆಕ್ಕ. ಒಂದು ಹಾಳೆಯಲ್ಲಿ ಕಾರಿನ ಚಿತ್ರ ಬರೆದು, ಪಾಲಿಷ್ ಸಾಕಾಗುವ ಕಡೆ ಹಸಿರು, ಚೂರು ಬಣ್ಣ ಬೇಕಾದ ಕಡೆ ಹಳದಿ, ತಗಡು ಬದಲಾಗಬೇಕಾದ ಕಡೆ ಕೆಂಪು ಗುರುತು ಹಾಕಿ. ಆ ಹಾಳೆ ಹಿಡಿದು ಎರಡು ಮೂರು ಕಡೆ ಟಿಂಕರಿಂಗ್ ಮಾಡುವವರನ್ನು ಕಂಡು ಅಂದಾಜು ಬರೆಸಿ. ಎಲ್ಲ ಸೇರಿ ಇಷ್ಟು ಎಂದು ಬಾಯಿಮಾತಿನಲ್ಲಿ ಹೇಳಿದರೆ ಒಪ್ಪಬೇಡಿ. ವೆಲ್ಡಿಂಗ್ ಎಷ್ಟು, ಹೊಸ ತಗಡು ಎಷ್ಟು, ಪ್ರೈಮರ್ ಎಷ್ಟು, ಬಣ್ಣ ಎಷ್ಟು, ಕೂಲಿ ಎಷ್ಟು ಎಂದು ಸಾಲುಸಾಲಾಗಿ ಬರೆಸಿ. ತೂತಿಗೆ ಪುಟ್ಟಿ ತುಂಬುತ್ತೇವೆ ಎಂದರೆ ಬೇಡ ಎನ್ನಿ. ಪುಟ್ಟಿ ಇರುವುದು ಸಣ್ಣ ತಗ್ಗು ಮಟ್ಟ ಮಾಡಲಿಕ್ಕೆ, ತೂತು ಮುಚ್ಚಲಿಕ್ಕಲ್ಲ. ಬೆಸೆದ ತಗಡಿಗೆ ಒಳಗೂ ಹೊರಗೂ ಪ್ರೈಮರ್ ಬೇಕು. ಕೆಳಭಾಗಕ್ಕೆ ಕಪ್ಪು ಅಂಡರ್‌ಕೋಟಿಂಗ್ ಹೊಡೆಸುವುದಿದ್ದರೆ ತುಕ್ಕು ಪೂರ್ತಿ ತೆಗೆದ ಮೇಲೆಯೇ ಹೊಡೆಸಿ. ಇಲ್ಲದಿದ್ದರೆ ತುಕ್ಕನ್ನು ಹೊದಿಕೆ ಹೊದಿಸಿ ಮಲಗಿಸಿದ ಹಾಗಾಗುತ್ತದೆ.

ಬಣ್ಣ ಹೊಡೆಸುವಾಗ ಮೊಮ್ಮಕ್ಕಳ ಆಸೆಗೆ ಕೆಂಪು ಮಾಡಿಸೋಣ ಎನಿಸಿದರೆ ಒಂದು ಮಾತು. ಕಾರಿನ ಬಣ್ಣ ಆರ್‌ಸಿಯಲ್ಲಿ ಬರೆದಿರುತ್ತದೆ. ಬಣ್ಣ ಬದಲಾದರೆ ಆರ್‌ಟಿಓ ಕಚೇರಿಯಲ್ಲಿ ತಿಳಿಸಿ ಅದನ್ನೂ ಬದಲಾಯಿಸಿಕೊಳ್ಳಬೇಕು. ಬಿಳಿಯೇ ಆದರೆ ಆ ಓಡಾಟವಿಲ್ಲ. ಹೊಸ ಬಿಳಿಗೂ ಹಳೆಯ ಬಿಳಿಗೂ ಸ್ವಲ್ಪ ವ್ಯತ್ಯಾಸ ಕಂಡರೆ ಕಾಣಲಿ.

ಅಪ್ಪನ ಮಾತಿನಲ್ಲೂ ಹುರುಳಿದೆ. ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಪ್ರತಿ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. 1999ರ ಕಾರಿಗೆ 2014, 2019, 2024 ಎಂದು ಲೆಕ್ಕ ಹಾಕಿ. ಮುಂದಿನದು 2029. ಅಲ್ಲಿಯವರೆಗಾದರೂ ಈ ಕಾರು ಓಡಬೇಕೇ, ಇಷ್ಟು ಖರ್ಚಿಗೆ ಅದು ತಕ್ಕದ್ದೇ ಎಂದು ಮನೆಯವರೆಲ್ಲ ಕೂತು ಮಾತಾಡಬೇಕು. ಕೆಂಪು ಗುರುತು ಒಂದೆರಡು ಕಡೆ ಮಾತ್ರ ಇದ್ದರೆ ರಿಪೇರಿ ಮಾಡಿಸಿ ಇಟ್ಟುಕೊಳ್ಳಬಹುದು. ನೆಲ, ಎರಡೂ ಕಡೆಯ ರನ್ನಿಂಗ್ ಬೋರ್ಡ್, ಚಕ್ರದ ಸಸ್ಪೆನ್ಷನ್ ಹಿಡಿದಿರುವ ಜಾಗ, ಎಲ್ಲವೂ ಕೆಂಪಾದರೆ ಬಣ್ಣವೂ ಬೇಡ, ರಿಪೇರಿಯೂ ಬೇಡ. ಹಳೆಯ ವಾಹನ ಕಳಚುವ ನೋಂದಾಯಿತ ಕೇಂದ್ರಕ್ಕೆ ಕೊಟ್ಟು ರಸೀದಿ, ಪ್ರಮಾಣಪತ್ರ ಪಡೆಯುವುದು ಲೇಸು.

ತಾತನಿಗೂ ಒಂದು ಮಾತು. ಶ್ರೀರಂಗಪಟ್ಟಣದ ಬಳಿ, ಬೆಂಗಳೂರು–ಮೈಸೂರು ರಸ್ತೆಯ ಕಡೆ, ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಆದ ಪಯಣ ಎಂಬ ಹಳೆಯ ಕಾರುಗಳ ಸಂಗ್ರಹಾಲಯವಿದೆ. ಮದುವೆಯ ಗಡಿಬಿಡಿ ಮುಗಿದ ಮೇಲೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ. ಹಳೆಯ ಕಾರಿನ ಮೇಲೆ ಪ್ರೀತಿ ಇಟ್ಟವರು ನೀವೊಬ್ಬರೇ ಅಲ್ಲ. ಮಾರುತಿ 800 ಮೊದಲು ರಸ್ತೆಗೆ ಇಳಿದದ್ದು 1983ರ ಡಿಸೆಂಬರಿನಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ನಿಮ್ಮ ಮನೆಯ ಮೊದಲ ಕಾರು ಅದೇ ಆಗಿದ್ದರೆ ಅದರ ಮೇಲಿನ ಮಮತೆಗೆ ಬೆಲೆ ಕಟ್ಟಲಾಗದು. ಆದರೆ ಈ ವರ್ಷ ಕೈಯಲ್ಲಿರುವ ದುಡ್ಡು ಒಂದೇ ಕೆಲಸಕ್ಕೆ ಸಾಲುವುದಾದರೆ ನೆಲದ ತಗಡಿಗೆ ಹಾಕಿ. ಮಾಡಿಗೂ ಬಾನೆಟ್ಟಿಗೂ ಪಾಲಿಷ್ ಮಾಡಿಸಿ, ಒಂದು ಹೂವಿನ ಹಾರ ಹಾಕಿ ಮದುವೆಗೆ ತನ್ನಿ. ಕೆಲಸ ಮುಗಿಯುವವರೆಗೆ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಬೇಡಿ.

ನೀವೇ ಮಾಡಿ ನೋಡಿ: ಹೊಸ ಕಬ್ಬಿಣದ ಮೊಳೆ ನಾಲ್ಕು ತೆಗೆದುಕೊಳ್ಳಿ. ಒಂದನ್ನು ಒಣ ಲೋಟದಲ್ಲಿ ಇಡಿ. ಇನ್ನೊಂದನ್ನು ಅರ್ಧ ಮುಳುಗುವಷ್ಟು ನೀರಿನಲ್ಲಿ, ಮೂರನೆಯದನ್ನು ಅಷ್ಟೇ ಉಪ್ಪುನೀರಿನಲ್ಲಿ ಇಡಿ. ನಾಲ್ಕನೆಯದಕ್ಕೆ ಉಗುರಿನ ಬಣ್ಣ ಬಳಿದು, ಒಣಗಿದ ಮೇಲೆ ಒಂದು ಕಡೆ ಮಾತ್ರ ಗೀರು ಹಾಕಿ ಉಪ್ಪುನೀರಿನಲ್ಲಿ ಇಡಿ. ದಿನವೂ ಒಂದೇ ಹೊತ್ತಿಗೆ ನೋಡಿ, ಕಂಡದ್ದನ್ನು ಬರೆದಿಡಿ. ಏಳನೇ ದಿನ ನಾಲ್ಕನೇ ಮೊಳೆಯ ಗೀರಿನ ಅಕ್ಕಪಕ್ಕದ ಬಣ್ಣವನ್ನು ಮೆಲ್ಲಗೆ ಕೆರೆಯಿರಿ. ಅದರ ಅಡಿಯಲ್ಲಿ ಏನಿತ್ತು ಎಂಬುದನ್ನು ನಮಗೆ ಬರೆದು ಕಳಿಸಿ.