ಲ್ಯಾಬಿಗೊಂದು ಕೆಟ್ಟ ಸೋಲಾರ್ ಕೊಡಿ!

ನಮ್ಮ ಲ್ಯಾಬ್‌ಗಳಲ್ಲಿ ಸೋಲಾರ್ ಪ್ರಯೋಗ ಅಂದ್ರೆ ಏನು? ಪ್ಯಾನೆಲ್ ಮುಂದೆ ಬಲ್ಬ್ ಹಚ್ಚು, ರಿಯೋಸ್ಟಾಟ್ ಜರುಗಿಸು, ರೀಡಿಂಗ್ ಬರ್ಕೋ, ಗ್ರಾಫ್ ಹಾಕು, ಸಹಿ ಹಾಕಿಸ್ಕೋ. ಅಲ್ಲಿ ಎಲ್ಲವೂ ಸರಿಯಾಗೇ ಇರುತ್ತೆ. ಆದರೆ ಹೊರಗೆ ಎಂಜಿನಿಯರನ್ನು ಹುಡುಕಿಕೊಂಡು ಬರೋದು ಏನಾದ್ರೂ ಕೆಟ್ಟಾಗ. ಅದಕ್ಕೇ ನನ್ನ ವಾದ: ಕೆಟ್ಟ ಸೋಲಾರ್‌ನಲ್ಲಿ ದೋಷ ಹುಡುಕೋದು ಲ್ಯಾಬ್ ಪರೀಕ್ಷೆಯ ಭಾಗವಾಗಬೇಕು.

ಮನೆ ವೈರಿಂಗ್ ಗೊತ್ತಿದ್ರೆ ಸಾಕಲ್ವಾ ಅಂತೀರಾ? ಸಾಲದು. ಮನೆಯಲ್ಲಿ ಶಾರ್ಟ್ ಆದ್ರೆ ಭಾರೀ ಕರೆಂಟ್ ಹರಿದು ಎಂಸಿಬಿ ಬೀಳುತ್ತೆ. ಪ್ಯಾನೆಲ್ ಶಾರ್ಟ್ ಆದರೂ ಮಾಮೂಲಿಗಿಂತ ಸ್ವಲ್ಪವೇ ಹೆಚ್ಚು ಕರೆಂಟ್ ಕೊಡುತ್ತೆ. ಎಷ್ಟೋ ಸಲ ಫ್ಯೂಸ್ ಹೋಗೋದೇ ಇಲ್ಲ. ನಮ್ಮ 50 ಹರ್ಟ್ಜ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರೋದ್ರಿಂದ ಕಿಡಿ ಆರಲು ಅವಕಾಶವಿದೆ. ಡಿಸಿಗೆ ಆ ಸೊನ್ನೆಯೇ ಇಲ್ಲ. ಲೋಡ್ ಇರುವಾಗ ಕನೆಕ್ಟರ್ ಎಳೆದ್ರೆ ಆರ್ಕ್ ಉರಿಯುತ್ತಲೇ ಇರಬಹುದು. ಮೇನ್ ಆಫ್ ಮಾಡಿದ್ರೂ ಬಿಸಿಲಿರೋವರೆಗೆ ಪ್ಯಾನೆಲ್ ವೈರುಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತೆ. ಇಷ್ಟು ತಿಳಿಯದೆ ತಾರಸಿ ಹತ್ತೋದು ಜೀವದ ಜೊತೆ ಆಟ.

ಇನ್ನು ದೋಷ ಹುಡುಕೋ ಮಜಾ ನೋಡಿ. ತಲಾ 40 ವೋಲ್ಟಿನ 10 ಪ್ಯಾನೆಲ್‌ಗಳು ಸೀರೀಸ್‌ನಲ್ಲಿವೆ. ಇನ್ವರ್ಟರ್ 'ಅರ್ಥ್ ಫಾಲ್ಟ್' ಅಂತ ತೋರಿಸಿ ನಿಂತಿದೆ. ಗೊತ್ತಿಲ್ಲದವರು ಇನ್ವರ್ಟರನ್ನೇ ಬದಲಿಸೋಣ ಅಂತಾರೆ. ಗೊತ್ತಿದ್ದವರು ಇನ್ವರ್ಟರ್ ನಿಲ್ಲಿಸಿ, ಐಸೊಲೇಟರ್ ತೆಗೆದು, ತಕ್ಕ ರೇಟಿಂಗಿನ ಮೀಟರ್, ಗ್ಲೌಸ್ ಹಿಡಿದು ಎರಡು ಅಳತೆ ಮಾಡ್ತಾರೆ: ಪಾಸಿಟಿವ್‌ನಿಂದ ಅರ್ಥ್‌ಗೆ, ನೆಗೆಟಿವ್‌ನಿಂದ ಅರ್ಥ್‌ಗೆ. ಮೊದಲನೆಯದು 120 ವೋಲ್ಟ್, ಎರಡನೆಯದು 280 ವೋಲ್ಟ್, ಎರಡೂ ಅಲುಗಾಡದೆ ನಿಂತಿವೆ ಅಂತಿಟ್ಕೊಳ್ಳಿ. 120ನ್ನು 40ರಿಂದ ಭಾಗಿಸಿ. ಬಂತು 3. ಅಂದ್ರೆ ಪಾಸಿಟಿವ್ ಕಡೆಯಿಂದ ಮೂರನೇ ಮತ್ತು ನಾಲ್ಕನೇ ಪ್ಯಾನೆಲ್ ನಡುವೆ ವೈರಿನ ಇನ್ಸುಲೇಷನ್ ಸವೆದು ಎಲ್ಲೋ ಫ್ರೇಮಿಗೆ ತಾಗಿರಬೇಕು. ಬರೀ ಭಾಗಾಕಾರ! ಇನ್ವರ್ಟರ್ ಬೆಲೆ ಎಲ್ಲಿ, ಒಂದು ತುಂಡು ವೈರ್ ಎಲ್ಲಿ?

ಈ ಲೆಕ್ಕ ನಮಗ್ಯಾಕೆ ಅನ್ನೋ ಹಾಗಿಲ್ಲ. ನಮ್ಮದೇ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿಯೇ 1 ಕೋಟಿ ಮನೆಗಳ ತಾರಸಿ. ಹಾಕೋದು ಕೆಲವು ದಿನದ ಕೆಲಸ, ಕಾಪಾಡೋದು ಇಪ್ಪತ್ತು-ಇಪ್ಪತ್ತೈದು ವರ್ಷದ್ದು. ಸಾಲ ಮಾಡಿ ಪ್ಯಾನೆಲ್ ಹಾಕಿಸಿದ ಮನೆಯವರಿಗೆ ನಮ್ಮ ಗ್ರಾಫ್ ಬೇಡ, ನಾಳೆ ಕರೆಂಟ್ ಬರ್ಬೇಕು.

'ಸಿಲಬಸ್ ಈಗ್ಲೇ ಜಾಸ್ತಿ, ಮೇಲೆ ಶಾಕ್ ಹೊಡೆದ್ರೆ?' ಅನ್ನೋರೂ ಇದ್ದಾರೆ. ಭಯ ನಿಜ, ಅದಕ್ಕೇ ಲ್ಯಾಬಿಗೆ 12 ವೋಲ್ಟಿನ ಎರಡು ಪುಟ್ಟ ಪ್ಯಾನೆಲ್ ಸಾಕು. ಸಡಿಲ ಕನೆಕ್ಟರ್, ಶಾರ್ಟ್ ಆದ ಬೈಪಾಸ್ ಡಯೋಡ್, ಫ್ರೇಮಿಗೆ ತಾಗಿದ ವೈರ್: ಇವುಗಳಲ್ಲೊಂದನ್ನು ಮೇಷ್ಟ್ರು ಬಚ್ಚಿಡಲಿ. ಒಂದು ಹಳೇ ಪ್ರಯೋಗ ಕೈಬಿಟ್ರೆ ಸಮಯವೂ ಸಿಗುತ್ತೆ. ಮಾರ್ಕ್ಸ್ ಉತ್ತರಕ್ಕಷ್ಟೇ ಅಲ್ಲ, ಏನನ್ನೂ ಬಿಚ್ಚೋ ಮೊದಲು ಏನೇನು ಅಳೆದ್ವಿ ಅನ್ನೋದಕ್ಕೂ ಸಿಗಲಿ.

ಸರಿ ಅನ್ಸಿದ್ರೆ ಮುಂದಿನ ಸೆಮ್ ಶುರುವಾಗೋ ಮುಂಚೆ ನಿಮ್ಮ ಲ್ಯಾಬ್ ಮೇಷ್ಟ್ರನ್ನ ಕೇಳಿ. ಪ್ಯಾನೆಲ್ ಕೆಡಿಸಿಕೊಡೋಕೆ ಸೀನಿಯರ್‌ಗಳಂತೂ ರೆಡಿ ಇದ್ದೀವಿ!