ಬಾಗಿಲು ಮುಚ್ಚುವ ನಾಟಕಶಾಲೆ

ನಾಟಕ ನೋಡುವುದಕ್ಕೂ ಒಂದು ವಿದ್ಯೆ ಬೇಕೆ? ಆಡುವವನಿಗೆ ತಾಲೀಮು ಬೇಕು, ಹಾಡುವವನಿಗೆ ಕಂಠ ಬೇಕು, ಬಣ್ಣ ಬಳಿಯುವವನಿಗೆ ಕೈಚಳಕ ಬೇಕು. ನೋಡುವವನಿಗೆ ಮಾತ್ರ ಎರಡು ಕಣ್ಣೂ ಟಿಕೇಟಿನ ದುಡ್ಡೂ ಇದ್ದರೆ ಸಾಕೆಂಬುದು ಲೋಕದ ಸಾಮಾನ್ಯ ನಂಬಿಕೆ. ಆದರೆ ಪ್ರತಿಯೊಂದು ಬಗೆಯ ರಂಗವೂ ತನಗೆ ತಕ್ಕ ಪ್ರೇಕ್ಷಕನನ್ನು ಬೇಡುತ್ತದೆ, ಬಹುಕಾಲದಲ್ಲಿ ಅವನನ್ನು ಸಿದ್ಧಗೊಳಿಸಿಕೊಳ್ಳುತ್ತದೆ. ಆದುದರಿಂದಲೇ ಒಂದು ರಂಗದ ಮುಂದೆ ಕುಳಿತು ಕೂದಲು ನರೆತವನು ಸಹ ಇನ್ನೊಂದರ ಹೊಸ್ತಿಲಲ್ಲಿ ಹೊಸಬನಾಗಿ ನಿಲ್ಲುವ ಪ್ರಸಂಗ ಬರುವುದುಂಟು.

ಬೆಳಗಾವಿ ಜಿಲ್ಲೆಯ ರಾಯಬಾಗ ಸೀಮೆಯ ಪಾಲಬಾವಿಯ ಕಡೆಯವರಿಗೆ ನಾಟಕವೆಂಬುದು ಪರಕೀಯವಾದುದಲ್ಲ. ಕನ್ನಡನಾಡಿನ ಅತ್ಯಂತ ರಸವತ್ತಾದ ಜನಪದ ನಾಟಕಗಳಲ್ಲೊಂದಾದ ಶ್ರೀಕೃಷ್ಣ ಪಾರಿಜಾತ ಬೆಳೆದು ಹಬ್ಬಿದುದೇ ಈ ಭಾಗದಲ್ಲಿ. ಮೂಲ ಕೃತಿಯನ್ನು ರಚಿಸಿದವರು ಅಪರಾಳ ತಮ್ಮಣ್ಣನವರು. ಅದನ್ನು ಆಡುವ ಆಟವನ್ನಾಗಿ ತಿದ್ದಿ ಜನರ ಬಾಯಲ್ಲಿ ನೆಲೆಗೊಳಿಸಿದವರು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನವರು. ಅದೇ ಸೀಮೆಯ ಕೌಜಲಗಿಯ ನಿಂಗಮ್ಮನವರು ಪಾರಿಜಾತದ ಹೆಸರಾಂತ ಕಲಾವಿದೆಯರಾಗಿ ಊರೂರುಗಳಲ್ಲಿ ಮನ್ನಣೆ ಪಡೆದರು. ಸ್ವರ್ಗದ ಒಂದು ಹೂವಿಗಾಗಿ ರುಕ್ಮಿಣಿ ಸತ್ಯಭಾಮೆಯರ ನಡುವೆ ಹುಟ್ಟುವ ಮುನಿಸು, ಇಬ್ಬರ ನಡುವೆ ಸಿಕ್ಕ ಕೃಷ್ಣನ ಪರದಾಟ — ಇಷ್ಟು ಚಿಕ್ಕ ಕಥೆ ಇಡೀ ರಾತ್ರಿಯನ್ನು ತುಂಬುತ್ತಿತ್ತು.

ನೆರೆಯ ಸಾಂಗಲಿಯ ಕಥೆ ಇನ್ನೂ ಸ್ವಾರಸ್ಯವಾದುದು. ಉತ್ತರ ಕನ್ನಡದಿಂದ ಹೋದ ಭಾಗವತ ಮೇಳವೊಂದರ ಆಟವನ್ನು 1842ರಲ್ಲಿ ಸಾಂಗಲಿಯ ಅರಸರಾದ ಚಿಂತಾಮಣರಾವ್ ಪಟವರ್ಧನರು ನೋಡಿದರು. ಮರಾಠಿಯಲ್ಲಿಯೂ ಇಂಥದೊಂದು ಆಗಬೇಕೆಂದು ತಮ್ಮ ಆಶ್ರಿತರಾದ ವಿಷ್ಣುದಾಸ ಭಾವೆಯವರಿಗೆ ಅಪ್ಪಣೆಯಿತ್ತರು. 1843ರಲ್ಲಿ ಭಾವೆಯವರ ಸೀತಾ ಸ್ವಯಂವರ ರಂಗವೇರಿತು. ಮರಾಠಿ ನಾಟಕದ ಚರಿತ್ರೆ ಅಲ್ಲಿಂದ ಪ್ರಾರಂಭವಾಯಿತೆಂದು ಮರಾಠಿಗರೇ ಹೇಳುತ್ತಾರೆ. ಮುಂದೆ ಅದೇ ಮರಾಠಿ ಕಂಪನಿಗಳು ಕನ್ನಡನಾಡಿಗೆ ಬಂದು ಗದಗಿನ ಶಾಂತಕವಿಗಳಂಥವರಲ್ಲಿ ಕನ್ನಡ ನಾಟಕದ ಛಲವನ್ನು ಕೆರಳಿಸಿದುವು. ನೆರೆಮನೆಗೆ ಕಡ ಕೊಟ್ಟ ಕೆಂಡ ತಿರುಗಿ ನಮ್ಮ ಒಲೆಗೆ ಬಂದಂತಾಯಿತು. ಬೆಳಗಾವಿ ಜಿಲ್ಲೆಯವರೇ ಆದ ಏಣಗಿ ಬಾಳಪ್ಪನವರು ಆ ಒಲೆಯನ್ನು ಆರಗೊಡದೆ ಕಾಯ್ದವರಲ್ಲಿ ಅಗ್ರಗಣ್ಯರು. 1914ರಲ್ಲಿ ಹುಟ್ಟಿ, ನೂರರ ಗಡಿಯನ್ನು ದಾಟಿ, 2017ರಲ್ಲಿ ತೀರಿಕೊಂಡ ಅವರು ಬಸವೇಶ್ವರನ ಪಾತ್ರದಲ್ಲಿ ರಂಗಕ್ಕೆ ಬಂದರೆ ಪ್ರೇಕ್ಷಕರು ಕೈಮುಗಿಯುತ್ತಿದ್ದರೆಂಬುದು ಆ ಕಡೆಯ ಹಿರಿಯರ ಬಾಯಲ್ಲಿ ಉಳಿದಿರುವ ಮಾತು.

ಇಂಥ ಸೀಮೆಯಿಂದ ಹಿರಿಯರೊಬ್ಬರು ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನ ಮನೆಗೆ ಬಂದಿದ್ದಾರೆಂದು ಭಾವಿಸಬಹುದು. ಕಬ್ಬಿನ ಲಾವಣಿಯ ಕೆಲಸ ಮುಗಿದಿದೆ; ಮೊಮ್ಮಕ್ಕಳನ್ನು ನೋಡಿದ್ದಾಗಿದೆ; ಲಾಲಬಾಗ್, ವಿಧಾನಸೌಧಗಳ ದರ್ಶನವೂ ಆಗಿದೆ. ಅಪ್ಪನಿಗೆ ನಾಟಕದ ಹುಚ್ಚೆಂಬುದನ್ನು ಬಲ್ಲ ಮಗ ಜಯಪ್ರಕಾಶ ನಗರದ ರಂಗಶಂಕರದಲ್ಲಿ ಕನ್ನಡ ನಾಟಕವೊಂದಕ್ಕೆ ಎರಡು ಟಿಕೇಟು ತೆಗೆಸಿದ್ದಾನೆ. ಆಟ ಏಳೂವರೆಗೆ. ಬೆಂಗಳೂರಿನ ಬೀದಿಗಳ ಸ್ವಭಾವ ತಿಳಿದವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಇಬ್ಬರೂ ಮೆಟ್ಟಿಲೇರುವ ಹೊತ್ತಿಗೆ ಗಡಿಯಾರ ಏಳೂ ಮುವ್ವತ್ತೈದು ತೋರಿಸುತ್ತಿದೆ, ಬಾಗಿಲು ಮುಚ್ಚಿದೆ.

“ಯಾಕ್ರೀ, ಒಳಗ ಜಾಗಾ ಇಲ್ಲೇನ್ರೀ?”

“ಜಾಗ ಇದೆ ಯಜಮಾನ್ರೆ. ಆದರೆ ಆಟ ಶುರುವಾಗಿಹೋಗಿದೆ.”

“ಶುರು ಆದ್ರ ಏನಾತ್ರೀ? ಹಿಂದ ಗ್ವಾಡಿಗೆ ಹತ್ತಿ ನಿಂತು ನೋಡ್ತೀನಿ.”

ಬಾಗಿಲಲ್ಲಿ ನಿಂತ ಹುಡುಗ ವಿನಯದಿಂದ ಕೈ ಜೋಡಿಸುತ್ತಾನೆ. ಬಾಗಿಲನ್ನು ಮಾತ್ರ ತೆರೆಯುವುದಿಲ್ಲ. “ನಡೀ ಅಪ್ಪಾ, ನಾಳೆ ಬರೂಣು” ಎಂದು ಮಗ ತೋಳು ಹಿಡಿಯುತ್ತಾನೆ. ತಂದೆಗೆ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯ. ಟಿಕೇಟು ಕೈಯಲ್ಲಿದೆ, ಒಳಗೆ ಕುರ್ಚಿ ಬರಿದಾಗಿದೆ, ಆದರೂ ಪ್ರವೇಶವಿಲ್ಲ! ಅವರೂರಿನಲ್ಲಿ ಆಟಕ್ಕೆ ನಡುರಾತ್ರಿ ಬಂದವನಿಗೂ ಚಾಪೆಯ ಅಂಚು ಸಿಕ್ಕೀತು. “ಬಾ, ಕೂಡು, ಈಗಷ್ಟ ಸತ್ಯಭಾಮಾ ಸಿಟ್ಟಿಗೆದ್ದಾಳ” ಎಂದು ಪಕ್ಕದವನು ಕಥೆಯನ್ನೂ ತಿಳಿಸಿಯಾನು.

ಈ ಎರಡು ಪದ್ಧತಿಗಳಲ್ಲಿ ಯಾವುದು ಸೌಜನ್ಯ, ಯಾವುದು ಒರಟುತನ? ತೀರ್ಪು ಕೊಡುವ ಮುನ್ನ ಆ ಮುಚ್ಚಿದ ಬಾಗಿಲಿನ ಹಿಂದಿನ ಕಥೆಯನ್ನು ಅರಿಯುವುದು ಯುಕ್ತ.

ಶಂಕರನಾಗರು ಹುಟ್ಟಿದ್ದು 1954ರಲ್ಲಿ, ಹೊನ್ನಾವರದ ಕಡೆ. ಮುಂಬಯಿಯಲ್ಲಿ ಮರಾಠಿ ರಂಗಭೂಮಿಯ ನಂಟಿನಲ್ಲಿ ಅವರ ಕಲಾಜೀವನ ಮೊಳೆಯಿತು. ಅರುಂಧತಿಯವರ ಪರಿಚಯವಾದದ್ದೂ ಆ ನಗರದ ರಂಗಭೂಮಿಯಲ್ಲಿಯೇ. ಸಾಂಗಲಿಯ ಹಳೆಯ ಋಣ ಇನ್ನೊಮ್ಮೆ ತೀರಿತೆನ್ನಬೇಕು! ಸಿನಿಮಾ ನಟರಾಗಿ, ದೂರದರ್ಶನದ ಮಾಲ್ಗುಡಿ ಡೇಸ್ ಮಾಲಿಕೆಯ ನಿರ್ದೇಶಕರಾಗಿ ಮನೆಮಾತಾದ ಮೇಲೆಯೂ ಶಂಕರನಾಗರು ನಾಟಕವನ್ನು ಬಿಡಲಿಲ್ಲ. ‘ಸಂಕೇತ್’ ಎಂಬ ತಂಡವನ್ನು ಕಟ್ಟಿ ಬೆಂಗಳೂರಿನಲ್ಲಿ ಆಡಿಸಿದರು. ದಿನವೂ ನಾಟಕ ನಡೆಯುವ ಒಂದು ಚಿಕ್ಕ, ಚೊಕ್ಕ ರಂಗಮಂದಿರ ಬೆಂಗಳೂರಿಗೆ ಬೇಕೆಂಬುದು ಆ ಬಳಗದ ಕನಸು. ಮುಂಬಯಿಯ ಜುಹುವಿನಲ್ಲಿ ಶಶಿ ಕಪೂರ್, ಜೆನಿಫರ್ ಕಪೂರ್ ದಂಪತಿಗಳು 1978ರಲ್ಲಿ ತೆರೆದ ಪೃಥ್ವಿ ರಂಗಮಂದಿರ ಅವರ ಕಣ್ಣ ಮುಂದಿದ್ದ ಮಾದರಿ. ಆದರೆ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ನಡೆದ ಕಾರು ಅಪಘಾತದಲ್ಲಿ ಶಂಕರನಾಗರು ಮಡಿದರು. ಆಗ ಅವರಿಗೆ ಮೂವತ್ತಾರು ಕೂಡ ತುಂಬಿರಲಿಲ್ಲ.

ಕನಸು ಕಂಡವನು ಹೋದಮೇಲೆ ಕನಸಿನ ಗತಿಯೇನು? ಸಾಮಾನ್ಯವಾಗಿ ಒಂದು ಪುತ್ಥಳಿ, ಒಂದು ರಸ್ತೆಗೆ ಹೆಸರು, ವರ್ಷಕ್ಕೊಂದು ಹಾರ — ಇಷ್ಟರಲ್ಲಿ ಮುಗಿಯುತ್ತದೆ. ಅರುಂಧತಿ ನಾಗ್ ಅವರು ಅಷ್ಟಕ್ಕೆ ಮುಗಿಯಗೊಡಲಿಲ್ಲ. ಗಿರೀಶ ಕಾರ್ನಾಡರೇ ಮೊದಲಾದ ಮಿತ್ರರ ಬೆಂಬಲದೊಡನೆ ಸಂಕೇತ್ ಟ್ರಸ್ಟ್ ಏರ್ಪಟ್ಟಿತು. ಸರಕಾರದಿಂದ ನಿವೇಶನ ದೊರೆಯಿತು. ದಾನಿಗಳಿಂದ ಸ್ವಲ್ಪಸ್ವಲ್ಪವಾಗಿ ಹಣ ಕೂಡಿತು. ಕೆಲಸ ನಿಂತಿತು, ಮತ್ತೆ ಹೊರಟಿತು. 2004ರ ಅಕ್ಟೋಬರಿನಲ್ಲಿ ರಂಗಶಂಕರದ ಬಾಗಿಲು ತೆರೆಯುವ ಹೊತ್ತಿಗೆ ಶಂಕರನಾಗರು ತೀರಿಕೊಂಡು ಹದಿನಾಲ್ಕು ವರ್ಷಗಳಾಗಿದ್ದುವು. ರಾಮನ ವನವಾಸವೂ ಅಷ್ಟೇ ದೀರ್ಘವಾದುದೆಂಬುದನ್ನು ಇಲ್ಲಿ ನೆನೆಯಬಹುದು.

ಹಾಗೆ ತೆರೆದ ಆ ಶಾಲೆ ದೊಡ್ಡದೇನೂ ಅಲ್ಲ. ಠಾಕೂರರ ಜನ್ಮಶತಾಬ್ದಿಯ ಸ್ಮಾರಕವಾಗಿ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರದ ವೈಶಾಲ್ಯ ಅದಕ್ಕಿಲ್ಲ. ಆಸನಗಳ ಸಂಖ್ಯೆ ಮುನ್ನೂರಕ್ಕೆ ತುಸು ಹೆಚ್ಚು, ಅಷ್ಟೆ. ಕುರ್ಚಿಗಳ ಸಾಲುಗಳು ಬೆಟ್ಟದ ಮೆಟ್ಟಿಲುಗಳಂತೆ ಕಡಿದಾಗಿ ಮೇಲೇರಿವೆ. ರಂಗವು ಪ್ರೇಕ್ಷಕರ ನಡುವೆ ಮುಂದಕ್ಕೆ ಚಾಚಿಕೊಂಡಿದೆ. ನಟನಿಗೂ ನೋಡುವವನಿಗೂ ನಡುವೆ ಕೆಲವೇ ಹೆಜ್ಜೆಗಳ ಅಂತರ. ತಡವಾಗಿ ಬಂದವರಿಗೆ ಪ್ರವೇಶವಿಲ್ಲ, ತಿಂಡಿ ತೀರ್ಥಗಳನ್ನು ಒಳಗೆ ಒಯ್ಯಕೂಡದು, ದೂರವಾಣಿಯ ಸದ್ದಾಗಕೂಡದು — ಈ ನಿಯಮಗಳು ಮೊದಲಿನಿಂದಲೂ ನಡೆದುಬಂದಿವೆ.

ಕಾರಣವನ್ನು ಕಟ್ಟಡವೇ ಹೇಳುತ್ತದೆ. ಸಾವಿರ ಜನರ ಮಂದಿರದಲ್ಲಿ ಹಿಂದಿನ ಬಾಗಿಲಿನಿಂದ ಒಬ್ಬನು ಒಳಹೊಕ್ಕರೆ ಅವನ ನೆರೆಹೊರೆಯ ಹತ್ತು ಜನರಿಗೆ ಮಾತ್ರ ತೊಂದರೆ. ಮುನ್ನೂರು ಜನರ ಕಡಿದಾದ ಶಾಲೆಯಲ್ಲಿ, ನಟನು ಪಿಸುಗುಟ್ಟಿದರೂ ಕೊನೆಯ ಸಾಲಿಗೆ ಕೇಳುವಲ್ಲಿ, ಕತ್ತಲೆಯಲ್ಲಿ ತಡವರಿಸುವ ಒಂದು ಜೊತೆ ಕಾಲು ಎಲ್ಲರ ಕಿವಿಗೂ ಬೀಳುತ್ತದೆ; ಅವರಲ್ಲಿ ಮೊದಲನೆಯ ಕಿವಿ ನಟನದು. ಕೆಲವೇ ಹೆಜ್ಜೆಗಳ ಅಂತರದಲ್ಲಿ ನಿಂತು ಕಣ್ಣೀರನ್ನು ತಂದುಕೊಳ್ಳುತ್ತಿರುವವನಿಗೆ ಆ ಸಪ್ಪಳ ಬಡಿಗೆಯ ಪೆಟ್ಟಿನಂತೆ ತಾಕುತ್ತದೆ.

ಪಾಲಬಾವಿಯ ಹಿರಿಯರ ಮಾತೂ ಸುಳ್ಳಲ್ಲ. ಅವರು ಕಂಡ ಆಟ ತಡವಾಗಿ ಬಂದವನನ್ನು ಲೆಕ್ಕದಲ್ಲಿ ಹಿಡಿದೇ ಕಟ್ಟಿದುದು. ಅಲ್ಲಿ ಭಾಗವತನು ಬಂದವರನ್ನು ವಿಚಾರಿಸಿ, ಪಾತ್ರಗಳನ್ನು ಪರಿಚಯಿಸುತ್ತಾನೆ; ಹಾಡಿದುದನ್ನು ಹಿಮ್ಮೇಳ ಮರಳಿ ಹಾಡುತ್ತದೆ; ಹಾಡಿನ ಅರ್ಥವನ್ನು ಮಾತು ಮತ್ತೆ ಬಿಡಿಸುತ್ತದೆ. ಒಂದು ಸಂಗತಿ ಮೂರು ಸಲ ಕಿವಿಗೆ ಬೀಳುವಲ್ಲಿ ಒಂದು ಸಲ ತಪ್ಪಿದವನಿಗೆ ನಷ್ಟವಿಲ್ಲ. ಕೂಸಿಗೆ ಹಾಲೂಡಿಸಿ ಬಂದ ತಾಯಿ, ಗದ್ದೆಗೆ ನೀರು ತಿರುವಿ ಬಂದ ರೈತ, ಎತ್ತುಗಳಿಗೆ ಮೇವು ಹಾಕಿ ಬಂದ ಹುಡುಗ ಇವರೆಲ್ಲರಿಗೂ ಆ ಆಟದಲ್ಲಿ ಬಾಗಿಲುಗಳಿವೆ. ಆದರೆ ಒಂದೂವರೆ ಗಂಟೆಯಲ್ಲಿ ಮುಗಿಯುವ ಹೊಸ ನಾಟಕದ ಬೀಜ ಮೊದಲ ಹತ್ತು ನಿಮಿಷಗಳಲ್ಲಿಯೇ ಬಿತ್ತಲ್ಪಟ್ಟಿರುತ್ತದೆ. ಬಿತ್ತನೆಗೆ ಬಾರದವನಿಗೆ ಸುಗ್ಗಿಯಲ್ಲಿ ಪಾಲೆಲ್ಲಿಯದು?

ಈ ನಿಯಮದಿಂದ ನೋಯುವವರಿಲ್ಲವೆಂದಲ್ಲ. ಸ್ವಂತ ವಾಹನವಿಲ್ಲದೆ ಎರಡು ಬಸ್ಸು ಬದಲಿಸಿ ಬರುವ ಗುಮಾಸ್ತ, ಮನೆಯವರಿಗೆಲ್ಲ ಬಡಿಸಿ ಓಡೋಡಿ ಬರುವ ಗೃಹಿಣಿ, ಅಂಗಡಿಯ ಕದವಿಕ್ಕಿ ಹೊರಡುವ ಹುಡುಗ — ಇವರ ಐದು ನಿಮಿಷ ಸೋಮಾರಿತನದ ಐದು ನಿಮಿಷವಲ್ಲ. ಮುಚ್ಚಿದ ಬಾಗಿಲು ಇದನ್ನು ವಿಚಾರಿಸುವುದಿಲ್ಲ. ಅದು ಅದರ ಕಾಠಿಣ್ಯ. ಆದರೆ ಅದೇ ಬಾಗಿಲು ಮಂತ್ರಿಯ ಕಾರು ಬರಲಿಲ್ಲವೆಂದು ಕಾಯುವುದೂ ಇಲ್ಲ. ಅದು ಅದರ ನ್ಯಾಯ. ಮುಖ್ಯ ಅತಿಥಿಗಳ ಆಗಮನಕ್ಕಾಗಿ ಮುಕ್ಕಾಲು ಗಂಟೆ ಕೈಕಟ್ಟಿ ಕುಳಿತ ಅನುಭವ ಕನ್ನಡನಾಡಿನಲ್ಲಿ ಯಾರಿಗಿಲ್ಲ? ವೇಳೆಗೆ ಸರಿಯಾಗಿ ಬಂದವನನ್ನು ಕಾಯಿಸಿ, ತಡವಾಗಿ ಬಂದವನಿಗೆ ಹಾರ ಹಾಕುವುದೇ ನಮ್ಮ ಸಭೆಗಳ ಸಂಪ್ರದಾಯವಾಗಿರುವಾಗ, ವೇಳೆಗೆ ಬಂದವನನ್ನೇ ಗೌರವಿಸುವ ಒಂದು ಸ್ಥಳವಿರುವುದು ಸಣ್ಣ ಮಾತಲ್ಲ.

ಮರುದಿನ ಹಿರಿಯರು ಆರೂವರೆಗೇ ಬಂದು ಕುಳಿತಿದ್ದಾರೆಂದು ಇಟ್ಟುಕೊಳ್ಳಬಹುದು. ಅಂಗಳದಲ್ಲಿ ಚಹ ಕುಡಿದು, ಪುಸ್ತಕದ ಅಂಗಡಿಯಲ್ಲಿ ಇಣುಕಿ, ಎಲ್ಲರಿಗಿಂತ ಮೊದಲು ಒಳಹೊಕ್ಕಾಗ ಅವರಿಗೆ ಎರಡನೆಯ ಆಶ್ಚರ್ಯ. ಜಾತ್ರೆಯ ಕಂಪನಿ ನಾಟಕದ ಬಣ್ಣಬಣ್ಣದ ಪರದೆ ಇಲ್ಲಿಲ್ಲ. ಅರಮನೆಯ ಸೀನಿಲ್ಲ, ಕಾಡಿನ ಸೀನಿಲ್ಲ. ಬರಿಯ ನೆಲ, ಮೂರು ಕಡೆಗೂ ಜನ. ಇದನ್ನು ಅವರೆಲ್ಲಿ ಕಂಡಿದ್ದಾರೆ? ಬೇರೆಲ್ಲಿಯೂ ಅಲ್ಲ, ಊರ ಗುಡಿಯ ಮುಂದಿನ ಬಯಲಿನಲ್ಲಿ! ಪಾರಿಜಾತವನ್ನೂ ಸಣ್ಣಾಟವನ್ನೂ ಜನ ಮೂರು ಕಡೆಯಿಂದ ಕುಳಿತೇ ನೋಡಿದರು. ಚೌಕಟ್ಟಿನೊಳಗಿನ ಚಿತ್ರದಂತೆ ನಾಟಕವನ್ನು ಎದುರಿನಿಂದ ಮಾತ್ರ ನೋಡುವ ಪದ್ಧತಿ ಕಂಪನಿಗಳ ಕಾಲದಲ್ಲಿ ಹೊರಗಿನಿಂದ ಬಂದುದು. ಲಂಡನ್ನಿನಲ್ಲಿ 1599ರಲ್ಲಿ ಕಟ್ಟಿದ ಗ್ಲೋಬ್ ನಾಟಕಶಾಲೆಯಲ್ಲಿಯೂ ಶೇಕ್ಸ್‌ಪಿಯರನ ಪಾತ್ರಗಳು ಮೂರು ಕಡೆ ಜನರಿರುವ ಅಟ್ಟದ ಮೇಲೆಯೇ ಮಾತನಾಡಿದುವು. ನಗರದ ಅತ್ಯಾಧುನಿಕವೆನಿಸಿದ ಶಾಲೆ ಪಾಲಬಾವಿಯವರಿಗೆ ಅತಿ ಹಳೆಯ ಪರಿಚಯಸ್ಥನಂತೆ ಕಾಣುವುದು ಹೀಗೆ. ಬದಲಾದುದು ರಂಗದ ಆಕಾರವಲ್ಲ, ಅದರ ಗಡಿಯಾರ.

ಇನ್ನೊಂದು ಬದಲಾವಣೆಯೂ ಉಂಟು. ಬಯಲಿನಲ್ಲಿ ಊರಿಗೆ ಊರೇ ಪ್ರೇಕ್ಷಕ. ಹತ್ತು ಜನ ಎದ್ದು ಹೋದರೂ ಜಾತ್ರೆ ಕರಗುವುದಿಲ್ಲ. ಚಿಕ್ಕ ಶಾಲೆಯಲ್ಲಿ ಬರಿದಾದ ಒಂದೊಂದು ಕುರ್ಚಿಯೂ ನಟನಿಗೆ ಕಾಣುತ್ತದೆ. ವಾರದಲ್ಲಿ ಆರು ದಿನ ನಾಟಕವಾಡಿಸುವೆನೆಂದು ಹೊರಟ ಸಂಸ್ಥೆಗೆ ಪ್ರತಿ ಸಂಜೆಯೂ ಮುನ್ನೂರು ಜನರನ್ನು ಮನೆಯಿಂದ ಹೊರಡಿಸುವ ಹೊಣೆಯಿದೆ. ಮನೆಯಲ್ಲಿಯೇ ಬೆರಳ ತುದಿಯಲ್ಲಿ ಸಾವಿರ ಚಿತ್ರಗಳು ಸಿಕ್ಕುವ ಈ ಕಾಲದಲ್ಲಿ, ಯಾವಾಗ ಬೇಕೆಂದರೆ ಆಗ ನಿಲ್ಲಿಸಿ ಮತ್ತೆ ನೋಡಬಹುದಾದ ಆಟಗಳ ನಡುವೆ, ನೋಡುವವನಿಗಾಗಿ ನಿಲ್ಲದ ಒಂದು ಆಟಕ್ಕೆ ತಾನೇ ಎದ್ದು ಹೋಗುವುದು ಒಂದು ವ್ರತವೇ ಸರಿ. ಹದಿನಾಲ್ಕು ವರ್ಷ ಕಾದು ಕಟ್ಟಿದವರದು ಅರ್ಧ ಕೆಲಸ. ಉಳಿದರ್ಧ ಐದು ನಿಮಿಷ ಮೊದಲು ಬಂದು ಕೂಡುವವನದು.

ಇದು ರಾಜಧಾನಿಗೆ ಮಾತ್ರ ಸಲ್ಲುವ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡು ಅಡಕೆ ತೋಟಗಳ ನಡುವಿನ ಹಳ್ಳಿ. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಕೆ. ವಿ. ಸುಬ್ಬಣ್ಣನವರ ಛಲದಿಂದ, 1972ರಲ್ಲಿಯೇ ಶಿವರಾಮ ಕಾರಂತರ ಹೆಸರಿನ ರಂಗಮಂದಿರವನ್ನು ಕಂಡಿತು. ಬೆಳಗಾವಿ ನಗರಕ್ಕೆ ಸಮೀಪದ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹೆಸರಿನಲ್ಲಿ ರಂಗಮಂದಿರವಿದೆ. ತಾಲ್ಲೂಕು ತಾಲ್ಲೂಕುಗಳಲ್ಲಿ ಮದುವೆಯ ಮಂಟಪಗಳೂ ಸಭಾಭವನಗಳೂ ಏಳುತ್ತಿರುವಾಗ, ಮುನ್ನೂರು ಜನ ಕೂಡುವ, ವಾರಕ್ಕೊಂದಾದರೂ ಆಟ ನಡೆಯುವ ಒಂದು ಮನೆ ರಾಯಬಾಗದ ಕಡೆ ಏಕಾಗಬಾರದು? ಪಾರಿಜಾತ ಹುಟ್ಟಿ ಬೆಳೆದ ನೆಲಕ್ಕೆ ನಟರ ಬರವಿಲ್ಲ. ಬೇಕಾದುದು ಸೂರು ಒಂದು. ಅದಕ್ಕಿಂತ ಮೊದಲು, ಗಂಟೆ ಬಾರಿಸುವ ಮುನ್ನ ಬಂದು ಕುಳಿತಿರುವ ಮುನ್ನೂರು ಜನ. ಅವರು ಕೂಡಿದ ದಿನ ಗೋಡೆಗಳು ತಾವಾಗಿಯೇ ಏಳತೊಡಗುವುವು.