ಹಳೆಯ ಜೀಪು ಕೊಳ್ಳುವ ಸದಸ್ಯರಿಗೆ

ಗೊಬ್ಬರಕ್ಕೆಂದು ಸಂಘದ ಕಚೇರಿಗೆ ಬರುವ ಸದಸ್ಯರು ರಸೀದಿ ಬರೆಸುತ್ತಾ ನಿಂತಾಗ ಈಚೆಗೆ ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: "ಒಂದು ಹಳೇ ಡೀಸೆಲ್ ಜೀಪು ಬಂದಿದೆ ಸೆಕ್ರೆಟ್ರಿಗಳೇ, ತಗೋಬಹುದಾ?" 2024 ಮತ್ತು 2025ರಲ್ಲಿ ಕಾಫಿಗೆ ಬಂದ ಬೆಲೆಯಿಂದ ಕೈಯಲ್ಲಿ ನಾಲ್ಕು ಕಾಸು ಓಡಾಡಿರುವುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಆನೆ. ಯಸಳೂರು ಹೋಬಳಿಯಲ್ಲಾಗಲಿ ಆಲೂರಿನ ಕಡೆಯಲ್ಲಾಗಲಿ ಬೆಳಗಿನ ಮಂಜಿನಲ್ಲಿ ಆಳುಗಳನ್ನು ನಡೆಸಿಕೊಂಡು ತೋಟಕ್ಕೆ ಕರೆತರುವ ಕಾಲ ಮುಗಿಯಿತು. ಐದೆಕರೆಯ ಬೆಳೆಗಾರನಿಗೂ ಈಗ ನಾಲ್ಕು ಚಕ್ರ ಬೇಕು. ಹೊಸ ಪಿಕಪ್ಪಿಗೆ ಸಾಲ ಮಾಡಿದರೆ ಕಂತು ಕಟ್ಟುವಷ್ಟರಲ್ಲಿ ಕಾಫಿಯ ಬೆಲೆ ಯಾವ ಕಡೆ ತಿರುಗಿರುತ್ತದೋ ಹೇಳಲಾಗದು. ಹಾಗಾಗಿ ಹಳೆಯ ಜೀಪು.

ತೆಗೆದುಕೊಳ್ಳಿ ಎಂದೇ ನಮ್ಮ ಅಭಿಪ್ರಾಯ. ಆದರೆ ನಾವು ತೆಗೆದುಕೊಂಡ ರೀತಿಯಲ್ಲಿ ಬೇಡ.

ಜೀಪು ನಮ್ಮ ಮಲೆನಾಡಿಗೆ ಹೊಸದೇನಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಡಿಸ್ಪೋಸಲ್ ಜೀಪುಗಳು ಬಂದವು. 1947ರಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪನ್ನು ಬಿಡಿಭಾಗಗಳಾಗಿ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಅವೆಲ್ಲ ಪೆಟ್ರೋಲಿನವು. 1973ರಲ್ಲಿ ಎಣ್ಣೆಯ ಬೆಲೆ ಒಮ್ಮೆಗೇ ಏರಿದ ಮೇಲೆ ಪೆಟ್ರೋಲ್ ಜೀಪು ಸಾಕುವುದು ಆನೆ ಸಾಕಿದಂತೆ ಆಯಿತು, ಎಲ್ಲರೂ ಡೀಸೆಲಿಗೆ ತಿರುಗಿದರು. ಇದ್ದ ಜೀಪಿಗೇ ಡೀಸೆಲ್ ಎಂಜಿನ್ ಕೂರಿಸಿಕೊಂಡವರೂ ಉಂಟು. ಎಂಬತ್ತರ ದಶಕದಲ್ಲಿ ಪ್ಯೂಜೋ ಎಂಜಿನ್ನಿನ ಎಂಎಂ 540 ಬಂತು. 2,112 ಸಿಸಿಯ ಆ ಎಂಜಿನ್ನಿನ ಸದ್ದು ಕೇಳಿಯೇ ಯಾರ ತೋಟದ ಜೀಪು ಎಂದು ಹೇಳುವವರು ನಮ್ಮಲ್ಲಿದ್ದರು. ನಾವು ಕೊಂಡದ್ದೂ ಅದನ್ನೇ. ಮೂರು ಕೈ ದಾಟಿ ಬಂದ ಗಾಡಿ, 1,80,000 ರೂಪಾಯಿ.

ತಂದ ಕೂಡಲೇ ನಾವು ಮಾಡಿದ್ದೇನು? ಪಂಪು ಬಿಚ್ಚಿಸಿ ನಾಜಲ್ ಬದಲಾಯಿಸಿದೆವು. ಹೊಸ ಹುಡ್ ಹಾಕಿಸಿದೆವು, ಹಸಿರು ಬಣ್ಣ ಹೊಡೆಸಿದೆವು. ನಮ್ಮ ಮನೆಯವರು ಸೀಟಿಗೆ ರೆಕ್ಸಿನ್ ಆರಿಸಿದರು. ಅರುವತ್ತು ಸಾವಿರದ ಮೇಲೆ ಖರ್ಚಾಯಿತು. ಬ್ರೇಕು? ಒತ್ತಿದರೆ ನಿಲ್ಲುತ್ತಿತ್ತು. ಅಷ್ಟು ಸಾಕೆಂದುಕೊಂಡೆವು.

ಕಳೆದ ಕೊಯ್ಲಿನಲ್ಲಿ, ರೊಬಸ್ಟಾ ಹಣ್ಣು ಬಿಡಿಸುತ್ತಿದ್ದ ಕಾಲ, ಸಂಜೆ ಮೇಲಿನ ಪಟ್ಟಿಯಿಂದ ಏಳು ಜನ ಆಳುಗಳನ್ನೂ ಆರು ಚೀಲ ಹಣ್ಣನ್ನೂ ಹೇರಿಕೊಂಡು ಜೀಪು ಕಣಕ್ಕೆ ಇಳಿಯುತ್ತಿತ್ತು. ಕೆರೆಯ ಏರಿಯ ಹತ್ತಿರದ ತಿರುವಿನಲ್ಲಿ ಡ್ರೈವರ್ ಬಲವಾಗಿ ಬ್ರೇಕು ಒತ್ತಿದಾಗ ಪೆಡಲು ನೆಲಕ್ಕೆ ಹೋಯಿತು. ಎಡಗಡೆ ಕೆರೆ, ಬಲಗಡೆ ದರೆ. ಹುಡುಗ ಜಾಣ, ದರೆಗೇ ಒತ್ತಿ ನಿಲ್ಲಿಸಿದ. ಹಿಂದೆ ಕೂತಿದ್ದ ಹೆಂಗಸೊಬ್ಬಳ ಮಣಿಕಟ್ಟು ಮುರಿಯಿತು. ಉಳಿದವರಿಗೆ ತರಚು ಗಾಯ. ಕೆರೆಯಲ್ಲಿ ಆಗ ಎರಡಾಳು ನೀರಿತ್ತು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲವೆಂದು ಇಲ್ಲಿ ಬರೆದುಕೊಳ್ಳಲು ಸಂಕೋಚವಿಲ್ಲ.

ಮಾರನೆಯ ದಿನ ಶನಿವಾರಸಂತೆಯಿಂದ ಬಂದ ಹಿರಿಯ ಮೆಕ್ಯಾನಿಕ್ ಗಾಡಿಯ ಕೆಳಗೆ ಮಲಗಿ ನೋಡಿ, ಹಿಂದಿನ ಆಕ್ಸಲಿಗೆ ಹೋಗುವ ಬ್ರೇಕ್ ಪೈಪಿನ ತುಂಡೊಂದನ್ನು ತಂದು ನಮ್ಮ ಅಂಗೈ ಮೇಲಿಟ್ಟರು. ಅಡಕೆ ಸಿಪ್ಪೆಯ ಹಾಗೆ ಪುಡಿಯಾಯಿತು. "ಗೌಡ್ರೇ, ಬಣ್ಣ ಹೊಡೆಸೋಕೆ ಮೊದ್ಲು ಒಂದ್ಸಾರಿ ಕೆಳಗೆ ಬಗ್ಗಿ ನೋಡ್ಬೇಕಿತ್ತು" ಎಂದರು. ನಾವು ಏನು ಹೇಳುವುದು? "ಹೌದು ಸಾಬ್ರೇ" ಎಂದೆವು.

ಪೈಪು ತುಕ್ಕು ಹಿಡಿದದ್ದು ಮಳೆಯಿಂದ ಮಾತ್ರವಲ್ಲ. ಹಿಂದಿನವರು ಜೀಪಿನಲ್ಲಿ ಪೊಟ್ಯಾಷ್ ಸಾಗಿಸಿದ್ದರು, ನಾವೂ ಸಾಗಿಸುತ್ತೇವೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದು ಕ್ಲೋರೈಡ್, ಅಂದರೆ ಉಪ್ಪಿನ ಜಾತಿ. ಚೀಲದಿಂದ ಸೋರಿದ ಪುಡಿ ಮಲೆನಾಡಿನ ತೇವಕ್ಕೆ ಕರಗಿ ಚಾಸಿಯ ಸಂದಿಗೆ ಇಳಿದು ಕೆಸರಿನಲ್ಲಿ ಕೂತರೆ ಕಬ್ಬಿಣವನ್ನು ತಿನ್ನದೆ ಬಿಡುವುದಿಲ್ಲ. ಗೊಬ್ಬರ ಸಾಗಿಸಿದ ಸಂಜೆಯೇ ಒಳಗೂ ಕೆಳಗೂ ನೀರು ಬಿಟ್ಟು ತೊಳೆಸಬೇಕು. ಬೋರ್ಡೋ ದ್ರಾವಣ ಸಾಗಿಸಿದಾಗಲೂ ಅಷ್ಟೆ. ಕೊಳ್ಳುವ ಮುನ್ನ ಒಂದು ಸಣ್ಣ ಸುತ್ತಿಗೆ ತೆಗೆದುಕೊಂಡು ಚಾಸಿಯನ್ನು, ಅದರಲ್ಲೂ ಸ್ಪ್ರಿಂಗ್ ಪಟ್ಟಿ ನೇತುಬಿದ್ದಿರುವ ಜಾಗಗಳನ್ನು, ಬಡಿದು ನೋಡಿ. ಗಟ್ಟಿ ಕಬ್ಬಿಣದ ಸದ್ದು ಬೇರೆ, ಪದರ ಎದ್ದ ಕಬ್ಬಿಣದ ಸದ್ದು ಬೇರೆ. ಹೊಸದಾಗಿ ದಪ್ಪಗೆ ಟಾರು ಬಳಿದಿದ್ದರೆ ಇನ್ನಷ್ಟು ಅನುಮಾನಪಡಿ.

ಬ್ರೇಕಿನ ವಿಷಯದಲ್ಲಿ ಚೌಕಾಸಿ ಬೇಡ. ಪೈಪು, ರಬ್ಬರ್ ಹೋಸು, ವೀಲ್ ಸಿಲಿಂಡರಿನ ವಾಷರು ಎಲ್ಲವನ್ನೂ ಒಮ್ಮೆಗೇ ಹೊಸದು ಹಾಕಿಸಿಬಿಡಿ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು. ತೇವ ಸೇರಿದ ಎಣ್ಣೆ ಉದ್ದನೆಯ ಇಳಿಜಾರಿನಲ್ಲಿ ಕಾದು ಆವಿಯಾಗಿ ಪೆಡಲು ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಬೇಕು. ಹಿಂದಿನ ಡ್ರಮ್ಮಿನ ಒಳಗೆ ಆಕ್ಸಲ್ ಎಣ್ಣೆ ಸೋರಿ ಶೂ ಒದ್ದೆಯಾಗಿದ್ದರೆ ಸೀಲು ಬದಲಾಯಿಸದೆ ಬರೀ ಶೂ ಹಾಕಿಸಿ ಫಲವಿಲ್ಲ. ಮುಂದಿನ ಚಕ್ರವನ್ನು ಜಾಕಿ ಮೇಲೆತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕಿಂಗ್ ಪಿನ್ ಮತ್ತು ಬೇರಿಂಗಿನ ಸ್ಥಿತಿ ಕೈಗೇ ತಿಳಿಯುತ್ತದೆ. ನಮಗೆ ಇದೆಲ್ಲಕ್ಕೆ ಬಿದ್ದದ್ದು 14,000 ರೂಪಾಯಿ, ಬಣ್ಣಕ್ಕೆ ಕೊಟ್ಟದ್ದರ ಅರ್ಧವೂ ಅಲ್ಲ.

ಇನ್ನು ಎಂಜಿನ್. ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಬೇಕು. ಮಾರುವವರು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿ ಬನ್ನಿ. ಕಪ್ಪು ಹೊಗೆಗೆ ಹೆದರಬೇಡಿ, ಏರ್ ಫಿಲ್ಟರ್ ಕಟ್ಟಿರಬಹುದು ಅಥವಾ ನಾಜಲ್ ಕೆಟ್ಟಿರಬಹುದು. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ ಎಂದರ್ಥ. ಓಡುತ್ತಿರುವ ಎಂಜಿನ್ನಿನ ಎಣ್ಣೆ ಮುಚ್ಚಳ ತೆಗೆದಾಗ ಪಲ್ಪರ್ ಬಾಯಿಂದ ನೀರು ಚಿಮ್ಮಿದ ಹಾಗೆ ಆವಿ ನುಗ್ಗಿದರೆ ರಿಂಗು ಸವೆದಿದೆ, ಬೋರಿಂಗ್ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ನಮ್ಮ ಕಡೆ ಇನ್ನೊಂದು ಕೆಟ್ಟ ರೂಢಿಯಿದೆ. ಎಂಜಿನ್ ಕಾಯುತ್ತದೆಂದು ಥರ್ಮೋಸ್ಟ್ಯಾಟನ್ನು ಕಿತ್ತು ಬಿಸಾಡುವುದು. ಈ ಚಳಿಯ ಸೀಮೆಯಲ್ಲಿ ಎಂಜಿನ್ ಸರಿಯಾಗಿ ಬಿಸಿಯೇ ಆಗದೆ ಬೇಗ ಸವೆಯುತ್ತದೆ. ಕಾಯುವುದಕ್ಕೆ ಕಾರಣ ರೇಡಿಯೇಟರಿನಲ್ಲಿ ಹುಡುಕಬೇಕು.

ಹಳೆಯ ಡೀಸೆಲ್ಲಿನ ದೊಡ್ಡ ಗುಣವೆಂದರೆ ಅದರ ಕಾಯಿಲೆ ಕಣ್ಣಿಗೂ ಕಿವಿಗೂ ತಿಳಿಯುವಂಥದ್ದು. ಡೀಸೆಲ್ ಖಾಲಿಯಾಗಿ ಗಾಳಿ ಸೇರಿದರೆ ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿ ಗುಳ್ಳೆ ನಿಲ್ಲುವವರೆಗೆ ಬಿಟ್ಟರೆ ಆಯಿತು. ಒಂದು ಸ್ಪ್ಯಾನರಿನ ಕೆಲಸ. 2020ರ ಏಪ್ರಿಲ್ಲಿನಿಂದ ಬರುತ್ತಿರುವ ಬಿಎಸ್-6 ಗಾಡಿಗಳು ಹೊಗೆಯಲ್ಲಿ ಶುದ್ಧ, ಒಪ್ಪೋಣ. ಆದರೆ ಬಿಸಿಲೆ ಘಾಟಿಯಲ್ಲಿ ದೀಪ ಹತ್ತಿಕೊಂಡು ನಿಂತರೆ ಕಂಪ್ಯೂಟರ್ ತರುವವರನ್ನು ಕಾಯಬೇಕು. ಚಿಂತೆಯೆಂದರೆ, ಹಳೆಯ ಪಂಪು ಬಿಚ್ಚಿ ಕಟ್ಟಬಲ್ಲವರು ಕಡಿಮೆಯಾಗುತ್ತಿದ್ದಾರೆ. ಮೇಲೆ ಹೇಳಿದ ಸಾಬರಿಗೆ ಈಗ ಎಪ್ಪತ್ತರ ಹತ್ತಿರ ವಯಸ್ಸು, ಅವರ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ.

ಕಾಗದಪತ್ರದ ಮಾತು ಬೇಸರದ್ದು, ಆದರೂ ಹೇಳಲೇಬೇಕು. ಕೆಎ-13 ಇರಲಿ ಕೆಎ-46 ಇರಲಿ, ಆರ್‌ಸಿಯಲ್ಲಿರುವ ಚಾಸಿ ನಂಬರೂ ಎಂಜಿನ್ ನಂಬರೂ ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಎಂಜಿನ್ ಬದಲಾಗಿದ್ದು ಆರ್‌ಸಿಯಲ್ಲಿ ಏರಿಸಿಲ್ಲದಿದ್ದರೆ ಎಫ್‌ಸಿಯ ದಿನ ಹೊರಗೆ ನಿಲ್ಲಬೇಕಾಗುತ್ತದೆ. ಸ್ವಂತ ಉಪಯೋಗದ ಗಾಡಿಗೆ ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೆ ನವೀಕರಣ. ಅದರ ಶುಲ್ಕ 2022ರ ಏಪ್ರಿಲ್ಲಿನಲ್ಲಿ 600ರಿಂದ 5,000 ರೂಪಾಯಿಗೆ ಏರಿತು, ಇಪ್ಪತ್ತು ವರ್ಷ ದಾಟಿದವಕ್ಕೆ 2025ರಲ್ಲಿ 10,000 ಆಯಿತು. ಇದನ್ನೂ ಬೆಲೆಯಲ್ಲಿ ಲೆಕ್ಕ ಹಾಕಿಕೊಳ್ಳಿ. ಮಾರುವ ಸದಸ್ಯರಿಗೂ ಒಂದು ಮಾತು: ನಮೂನೆ 29 ಮತ್ತು 30ಕ್ಕೆ ರುಜು ಹಾಕಿ ಕೊಟ್ಟುಬಿಟ್ಟೆವು, ಇನ್ನು ನಮಗೇನು ಎಂದು ಕೂರಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ನಮ್ಮ ಜೀಪು ಮೂರು ಕೈ ದಾಟಿದ್ದರೂ ಆರ್‌ಸಿ ಮೊದಲನೆಯವರ ಹೆಸರಿನಲ್ಲೇ ಇತ್ತು. ಆ ವೃದ್ಧರಿಗೆ ತಮ್ಮ ತಲೆಯ ಮೇಲೆ ಏನು ತೂಗುತ್ತಿತ್ತೆಂಬುದೇ ಗೊತ್ತಿರಲಿಲ್ಲ.

ವಿಮೆಯಲ್ಲೂ ನಾವು ಎಡವಿದ್ದೆವು. ಹಳೇ ಗಾಡಿಗೆ ಥರ್ಡ್ ಪಾರ್ಟಿ ಸಾಕೆಂದು ಅಷ್ಟೇ ಮಾಡಿಸಿದ್ದೆವು. ರಸ್ತೆಯಲ್ಲಿ ಹೋಗುವವರಿಗೆ ಅದು ರಕ್ಷಣೆ, ನಮ್ಮ ಜೀಪಿನ ಹಿಂದೆ ಕೂತ ಆಳುಗಳಿಗೆ ಅಲ್ಲ. ಆಸ್ಪತ್ರೆಯ ಖರ್ಚನ್ನೂ ಆ ಹೆಣ್ಣುಮಗಳ ಎರಡು ತಿಂಗಳ ಕೂಲಿಯನ್ನೂ ನಾವೇ ಕೊಟ್ಟೆವು, ಕೊಡಬೇಕಾದ್ದೇ. ಕೆರೆಗೆ ಬಿದ್ದಿದ್ದರೆ ತೋಟ ಮಾರಿ ಕೊಟ್ಟರೂ ಸಾಲುತ್ತಿರಲಿಲ್ಲ. ಚೀಲದ ಮೇಲೆ ಜನರನ್ನು ಕೂರಿಸುವ ನಮ್ಮೆಲ್ಲರ ಅಭ್ಯಾಸವನ್ನು ಬಿಡಬೇಕಾಗಿದೆ. ಎರಡು ಸಲ ಓಡಿಸಿದರೆ ಹೆಚ್ಚು ಸುಡುವುದು ಅರ್ಧ ಲೀಟರು ಡೀಸೆಲ್. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಡ್ರೈವರನ್ನು ಅಂದೇ ಕೆಳಗಿಳಿಸಿ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ನಮ್ಮ ತಂದೆಯವರು ಹೇಳುತ್ತಿದ್ದರು.

ಆಡಳಿತ ಮಂಡಳಿಯ ಮುಂದೆ ನಾವು ಒಂದು ಸಲಹೆ ಇಟ್ಟಿದ್ದೇವೆ. ಪ್ರತಿವರ್ಷ ಅರೇಬಿಕಾ ಕೊಯ್ಲು ಶುರುವಾಗುವ ಮುನ್ನ, ಅಕ್ಟೋಬರಿನಲ್ಲಿ, ಸಂಘದ ಗೋದಾಮಿನ ಅಂಗಳದಲ್ಲಿ ಎರಡು ದಿನ ಸದಸ್ಯರ ಹಳೆಯ ಗಾಡಿಗಳ ಬ್ರೇಕು, ಸ್ಟೀರಿಂಗು, ಚಾಸಿ ನೋಡಿಸುವುದು. ಮೆಕ್ಯಾನಿಕ್ಕಿನ ಕೂಲಿ ಸಂಘದ್ದು, ಸಾಮಾನಿನ ಖರ್ಚು ಸದಸ್ಯರದ್ದು. ಜೊತೆಗೆ ಕೆಲಸ ಕಲಿಯಲು ಹೋಬಳಿಯ ಇಬ್ಬರು ಹುಡುಗರನ್ನು ಸಾಬರ ಕೈಕೆಳಗೆ ಬಿಡುವುದು. ಇದು ಸಂಘದ ಕೆಲಸವೇ ಎಂದು ಒಬ್ಬ ನಿರ್ದೇಶಕರು ಆಕ್ಷೇಪಿಸಿದ್ದಾರೆ. ಗೊಬ್ಬರ ಮಾರುವುದು ಸಂಘದ ಕೆಲಸವಾದರೆ ಆ ಗೊಬ್ಬರ ತಿಂದುಹಾಕಿದ ಪೈಪನ್ನು ನೋಡಿಸುವುದೂ ಹೌದೆಂದು ನಾವು ಉತ್ತರ ಕೊಟ್ಟಿದ್ದೇವೆ. ವಿಷಯ ಸರ್ವಸದಸ್ಯರ ಸಭೆಗೆ ಬರಲಿದೆ. ಒಪ್ಪಿಗೆಯಿರುವವರು ಅಲ್ಲಿಯವರೆಗೆ ತಮ್ಮ ಗಾಡಿಯ ನಂಬರನ್ನು ಕಚೇರಿಯ ಪುಸ್ತಕದಲ್ಲಿ ಬರೆಸಿಡಬಹುದು. ಮೊದಲನೆಯ ಸಾಲಿನಲ್ಲಿ ನಮ್ಮದನ್ನು ಬರೆದಿದ್ದೇವೆ.